ಬಂಡಿಯ ಮೂಕಿಯಿಂದ ಕಾರಿನ ಸ್ಪ್ರಿಂಗಿನವರೆಗೆ: ಒಂದು ಅಂಗುಲದ ಇತಿಹಾಸ

ಹಬ್ಬಕ್ಕೋ ಜಾತ್ರೆಗೋ ಊರಿಗೆ ಬರುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಈಗ ಸ್ವಂತ ಕಾರಿನಲ್ಲಿ ಬರುತ್ತಾರೆ. ಕುಶಲಪ್ರಶ್ನೆ ಮುಗಿದೊಡನೆ ಅವರ ಮಾತು ರಸ್ತೆಯ ಉಬ್ಬುಗಳ ಕಡೆಗೆ ಹೊರಳುತ್ತದೆ. "ಸಾರ್, ನಾಲ್ಕು ಜನ ಕೂತರೆ ಹಂಪ್ ದಾಟುವಾಗ ಕಾರಿನ ತಳ ತಾಗುತ್ತೆ. ಸ್ಪ್ರಿಂಗಿಗೆ ಏನೋ ಕೂರಿಸಿ ಒಂದು ಇಂಚು ಎತ್ತರ ಮಾಡಿಕೊಡ್ತಾರಂತೆ. ಮಾಡಿಸಬಹುದೇ?" ವಿಜ್ಞಾನ ಕಲಿಸಿದ ಮೇಷ್ಟರೆಂಬ ಕಾರಣಕ್ಕೆ ಈ ಪ್ರಶ್ನೆ ನನ್ನ ಪಾಲಿಗೆ ಬರುತ್ತದೆ. ಅದಕ್ಕೆ ಒಂದೇ ಮಾತಿನಲ್ಲಿ ಉತ್ತರ ಹೇಳುವುದಕ್ಕಿಂತ, ನಮ್ಮ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಸೀಮೆಯಲ್ಲಿ ಈ ಪ್ರಶ್ನೆ ಎಷ್ಟು ಹಳೆಯದು ಎಂಬುದನ್ನು ಬರೆದಿಡುವುದೇ ಮೇಲೆಂದು ತೋರಿತು.

ಮೋಟಾರು ಬರುವ ಮೊದಲೂ ನಮ್ಮ ಹಿರಿಯರು ವಾಹನದ ಎತ್ತರವನ್ನೂ ತೂಕದ ಸಮತೋಲವನ್ನೂ ಹದಗೊಳಿಸುತ್ತಿದ್ದರು. ಎತ್ತಿನ ಬಂಡಿಗೆ ಸ್ಪ್ರಿಂಗ್ ಇರಲಿಲ್ಲ. ಅಚ್ಚಿನ ಮೇಲೆ ನೇರವಾಗಿ ಭಾರ ಕೂರುತ್ತಿತ್ತು. ಆದರೆ ಭತ್ತದ ಮೂಟೆಗಳನ್ನು ಹೇರುವಾಗ ಅನುಭವಸ್ಥ ರೈತನೊಬ್ಬ ಮೂಕಿಯನ್ನು ಕೈಯಿಂದ ಎತ್ತಿ ನೋಡುತ್ತಿದ್ದ. ಭಾರ ಮುಂದಕ್ಕೆ ಹೆಚ್ಚಾದರೆ ಅದು 'ಮುಂಭಾರ', ನೊಗ ಎತ್ತುಗಳ ಹೆಗಲನ್ನು ಒತ್ತಿ ಹುಣ್ಣು ಮಾಡುತ್ತದೆ. ಹಿಂದಕ್ಕೆ ಹೆಚ್ಚಾದರೆ ಅದು 'ಹಿಂಭಾರ', ಏರು ಹತ್ತುವಾಗ ಮೂಕಿ ಮೇಲೆದ್ದು ಎತ್ತಿನ ಕೊರಳಿಗೇ ಕುತ್ತು ತರುತ್ತದೆ. ಒಂದು ಮೂಟೆಯನ್ನು ಒಂದು ಗೇಣು ಹಿಂದಕ್ಕೋ ಮುಂದಕ್ಕೋ ಸರಿಸಿದರೆ ಎಲ್ಲವೂ ಸರಿಹೋಗುತ್ತಿತ್ತು. ಭಾರ, ದಾರಿ ಮತ್ತು ಗಾಡಿ ಈ ಮೂರನ್ನೂ ಒಟ್ಟಿಗೆ ನೋಡಬೇಕೆಂಬ ತಿಳಿವಳಿಕೆ ಅಲ್ಲಿಯೇ ಇತ್ತು. ಕಾವೇರಿಯ ನಾಲೆಗಳ ಕೆಸರು ದಾರಿಗೂ, ಕೋಟೆ ಕಡೆಯ ಹತ್ತಿ ಬೆಳೆಯುವ ಕಪ್ಪು ನೆಲಕ್ಕೂ, ಹುಣಸೂರಿನ ಕೆಂಪು ಮಣ್ಣಿಗೂ ಒಂದೇ ಹೇರು ಒಗ್ಗುವುದಿಲ್ಲವೆಂಬುದು ಚುಂಚನಕಟ್ಟೆಯ ದನಗಳ ಜಾತ್ರೆಗೆ ಬಂಡಿ ಕಟ್ಟಿಕೊಂಡು ಹೋದವರಿಗೆಲ್ಲ ತಿಳಿದಿತ್ತು.

ಬಂಡಿಯ ವಿಷಯದಲ್ಲಿ ಹುಣಸೂರಿಗೆ ವಿಶೇಷವಾದ ಹೆಸರೇ ಇತ್ತು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯನ್ನು ಟಿಪ್ಪು ಸುಲ್ತಾನ್ ಅಮೃತಮಹಲ್ ಎಂದು ಕರೆದದ್ದನ್ನು ನೀವು ತರಗತಿಯಲ್ಲಿ ಓದಿದ್ದೀರಿ. ಫಿರಂಗಿ ಎಳೆಯುವ ಆ ತಳಿಯ ಎತ್ತುಗಳ ಇಲಾಖೆಗೆ ಹುಣಸೂರು ಒಂದು ಮುಖ್ಯ ನೆಲೆಯಾಗಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಮದರಾಸು ಸೈನ್ಯದ ಸರಬರಾಜು ಇಲಾಖೆಯು ಇಲ್ಲಿ ಚರ್ಮ ಹದಮಾಡುವ ಕಾರ್ಖಾನೆಯನ್ನೂ ಕಂಬಳಿಯ ಕೆಲಸವನ್ನೂ ಮರದ ಕೊಠಾರವನ್ನೂ ನಡೆಸುತ್ತಿತ್ತು. ಆ ಕೊಠಾರದಲ್ಲಿ ಒಳ್ಳೆಯ ಬಂಡಿಗಳು ತಯಾರಾಗುತ್ತಿದ್ದವು. ಸರ್ಕಾರ ಆ ಕಾರ್ಖಾನೆಗಳನ್ನು ಮುಚ್ಚಿದ ಮೇಲೂ ಕಸುಬು ಊರಿನವರ ಕೈಯಲ್ಲಿ ಉಳಿಯಿತೆಂದು ಹಳೆಯ ಗೆಜೆಟಿಯರುಗಳು ದಾಖಲಿಸಿವೆ. ಕೊಡಗಿನ ದಾರಿಯ ಊರಾದ್ದರಿಂದ ಬಡಗಿಗೂ ಕಮ್ಮಾರನಿಗೂ ಕೆಲಸ ತಪ್ಪಲಿಲ್ಲ. ಮುಂದೆ ಮೋಟಾರು ಗಾಡಿಗಳು ಬಂದಾಗ ಅವುಗಳ ಉಕ್ಕಿನ ಪಟ್ಟಿಗಳನ್ನು ಬಡಿದು ಬಾಗಿಸಲು ಬೇಕಾದ ಕುಲುಮೆಯೂ ಸುತ್ತಿಗೆಯೂ ಇಂಥ ಊರುಗಳಲ್ಲಿ ಸಿದ್ಧವಾಗಿಯೇ ಇದ್ದವು.

ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿ ಬಿಲ್ಲಿನಂತೆ ಬಾಗಿಸಿದ ಸ್ಪ್ರಿಂಗಿನ ಮೇಲೆ ಸಾರೋಟಿನ ಮೈಯನ್ನು ಕೂರಿಸುವ ವಿಧಾನಕ್ಕೆ ಲಂಡನ್ನಿನ ಒಬಡಯ್ಯ ಎಲಿಯಟ್ ಎಂಬಾತ 1804ರಲ್ಲಿ ಪೇಟೆಂಟ್ ಪಡೆದನು. ನಮ್ಮ ಮೈಸೂರಿನ ಜಟಕಾಗಳ ತಳದಲ್ಲಿ ಇದ್ದದ್ದೂ ಇದೇ ವರ್ಗದ ಪಟ್ಟಿ ಸ್ಪ್ರಿಂಗು. ನಮ್ಮ ಗ್ಯಾರೇಜುಗಳಲ್ಲಿ ಇದನ್ನು 'ಬ್ಲೇಡ್ ಸೆಟ್' ಎನ್ನುತ್ತಾರೆ.

ಸ್ವಾತಂತ್ರ್ಯಾನಂತರ ನಮ್ಮ ತಾಲ್ಲೂಕುಗಳ ದಾರಿಗಳಲ್ಲಿ ಓಡಾಡಿದ ವಾಹನಗಳಲ್ಲಿ ಮೂರನ್ನು ಹೆಸರಿಸಬಹುದು. ಮೊದಲನೆಯದು ಮಹೀಂದ್ರದವರು 1947ರಿಂದ ಜೋಡಿಸತೊಡಗಿದ ಜೀಪು. ಅದರ ನಾಲ್ಕೂ ಚಕ್ರಗಳಿಗೆ ಬ್ಲೇಡ್ ಸೆಟ್ಟುಗಳೇ. ಎರಡನೆಯದು 1950ರ ದಶಕದ ಕೊನೆಯಲ್ಲಿ ಹಿಂದೂಸ್ತಾನ್ ಮೋಟಾರ್ಸ್ ಸಂಸ್ಥೆಯು ಬಂಗಾಳದ ಉತ್ತರಪಾರಾದಲ್ಲಿ ತಯಾರಿಸಲು ಆರಂಭಿಸಿ, 2014ರಲ್ಲಿ ನಿಲ್ಲಿಸಿದ ಅಂಬಾಸಿಡರ್. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರು ಅದರ ಮೂಲ. ಮೂರನೆಯದು ಫಿಯಟ್ 1100, ಅದೇ ಮುಂದೆ 'ಪದ್ಮಿನಿ' ಎಂಬ ಹೆಸರು ಪಡೆಯಿತು. ಫಿಯಟ್ಟಿಗೆ ಮುಂದೆ ಸುರುಳಿ ಸ್ಪ್ರಿಂಗು, ಹಿಂದೆ ಬ್ಲೇಡ್ ಸೆಟ್. ಅಂಬಾಸಿಡರಿಗೆ ಹಿಂದೆ ಬ್ಲೇಡ್ ಸೆಟ್ ಇದ್ದರೂ ಮುಂದೆ ಇದ್ದದ್ದು 'ಟಾರ್ಷನ್ ಬಾರ್', ಅಂದರೆ ತಿರುಚಿದಷ್ಟೂ ಹಿಂದಕ್ಕೆ ಒತ್ತುವ ಉದ್ದನೆಯ ಉಕ್ಕಿನ ಸರಳು. ಒದ್ದೆ ಬಟ್ಟೆಯನ್ನು ಹಿಂಡುವಾಗ ಅದು ಕೈಗೆ ಎದುರೊತ್ತುವುದನ್ನು ನೆನೆಯಿರಿ, ತತ್ತ್ವ ಅದೇ.

ಬಾಡಿಗೆ ಅಂಬಾಸಿಡರಿನಲ್ಲಿ ಎಷ್ಟು ಜನ ಕೂರುತ್ತಿದ್ದರೆಂದು ಇಂದಿನ ಮಕ್ಕಳಿಗೆ ಹೇಳಿದರೆ ನಂಬುವುದಿಲ್ಲ. ಮದುವೆಯ ದಿಬ್ಬಣವಾದರೆ ಹತ್ತು ಜನ, ಡಿಕ್ಕಿಯಲ್ಲಿ ಪಾತ್ರೆ ಪರಡಿ ಬೇರೆ. ಹೊಗೆಸೊಪ್ಪಿನ ಸೀಮೆಯಲ್ಲಿ ಕಾರು ಹೊರದ ಸಾಮಾನೇ ಇಲ್ಲ. ಹಿಂಭಾಗ ಕುಸಿಯುತ್ತಿತ್ತು, ಮೂಗು ಮೇಲೇಳುತ್ತಿತ್ತು, ರಾತ್ರಿ ದೀಪದ ಬೆಳಕು ರಸ್ತೆಯನ್ನು ಬಿಟ್ಟು ಮರದ ಕೊಂಬೆಗಳನ್ನು ತೋರಿಸುತ್ತಿತ್ತು. ಆದ್ದರಿಂದ ಮೇಸ್ತ್ರಿಗಳು ಸೆಂಟರ್ ಬೋಲ್ಟ್ ಬಿಚ್ಚಿ ಹಿಂದಿನ ಸೆಟ್ಟಿಗೆ ಒಂದು ಬ್ಲೇಡ್ ಹೆಚ್ಚಿಗೆ ಸೇರಿಸುತ್ತಿದ್ದರು, ಅಥವಾ ಚಪ್ಪಟೆಯಾದ ಬ್ಲೇಡುಗಳನ್ನು ಬಡಿದು ಮತ್ತೆ ಬಿಲ್ಲಿನಂತೆ ಬಾಗಿಸುತ್ತಿದ್ದರು. ಮುಂದಿನ ಟಾರ್ಷನ್ ಬಾರಿನ ತುದಿಯ ಹಲ್ಲುಗಳಲ್ಲಿ ಸ್ಥಾನ ಬದಲಿಸಿ ಕೂರಿಸಿದರೆ ಮೂಗು ಅಷ್ಟಕ್ಕಷ್ಟು ಏರುತ್ತಿತ್ತು ಅಥವಾ ಇಳಿಯುತ್ತಿತ್ತು. ಒಳ್ಳೆಯ ಮೇಸ್ತ್ರಿಯಾದವನು ಕೆಲಸ ಮುಗಿದ ಮೇಲೆ ಕಾರನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ, ನಾಲ್ಕೂ ಮೂಲೆಗಳ ಎತ್ತರವನ್ನು ಕಡ್ಡಿಯಿಂದ ಅಳೆದು, ಚಕ್ರಗಳ ಓರೆಯನ್ನೂ ದೀಪವನ್ನೂ ಸರಿಪಡಿಸಿಯೇ ಕಾರನ್ನು ಒಪ್ಪಿಸುತ್ತಿದ್ದ.

ಆದರೆ ಈ ಲಾಭಕ್ಕೆ ಬೆಲೆಯೂ ಇತ್ತು. ಐದು ಬ್ಲೇಡುಗಳ ಸೆಟ್ಟಿಗೆ ಅಷ್ಟೇ ದಪ್ಪದ, ಹೆಚ್ಚುಕಡಿಮೆ ಅಷ್ಟೇ ಉದ್ದದ ಆರನೆಯದನ್ನು ಸೇರಿಸಿದರೆ ಸ್ಪ್ರಿಂಗಿನ ಬಿಗುಪು ಸುಮಾರು ಐದರಲ್ಲೊಂದು ಪಾಲು ಹೆಚ್ಚುತ್ತದೆ. ಹತ್ತು ಜನ ಕೂತಾಗ ಅದು ಹದವಾಗಿರುತ್ತದೆ, ಇಬ್ಬರೇ ಕೂತಾಗ ಕಾರು ಕುದುರೆಯಂತೆ ಒದೆಯುತ್ತದೆ. ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ. ಕೋಟೆ ತಾಲ್ಲೂಕಿನಲ್ಲಿ ಕೆಲಸದಲ್ಲಿದ್ದಾಗ ನನ್ನ ತಾಯಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಮೈಸೂರಿನ ದೊಡ್ಡಾಸ್ಪತ್ರೆಗೆ ಒಯ್ಯಲು ಊರಿನಲ್ಲಿದ್ದದ್ದು ಬ್ಲೇಡ್ ಹೆಚ್ಚಿಗೆ ಹಾಕಿಸಿದ್ದ ಒಂದೇ ಬಾಡಿಗೆ ಕಾರು. ಅವರನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ ಹೊರಟೊಡನೆ ಪ್ರತಿ ಗುಂಡಿಗೂ ಅವರು ಕೂಗಿಕೊಳ್ಳತೊಡಗಿದರು. ಡ್ರೈವರು ಒಂದು ಫರ್ಲಾಂಗು ಹೋಗುವುದರೊಳಗೆ ಕಾರು ನಿಲ್ಲಿಸಿ, "ಮೇಷ್ಟ್ರೇ, ಗಾಡಿ ಖಾಲಿ ಇದ್ರೆ ಅಮ್ಮನಿಗೆ ತಡೆಯಕ್ಕಾಗಲ್ಲ" ಎಂದವನೇ ಪಕ್ಕದ ಮನೆಯಿಂದ ಎರಡು ಮೂಟೆ ಭತ್ತ ತಂದು ಡಿಕ್ಕಿಗೆ ಹಾಕಿದ. ಆಮೇಲೆ ಕಾರು ತೂಗಿಕೊಂಡು ನಡೆಯಿತು, ತಾಯಿಯ ನರಳಾಟ ತಗ್ಗಿತು. ಬಿಗುಪಾದ ಸ್ಪ್ರಿಂಗಿಗೆ ತಕ್ಕ ಭಾರ ಕೊಟ್ಟರೆ ಅದರ ಆಂದೋಲನ ನಿಧಾನವಾಗುತ್ತದೆ ಎಂಬ ಸೂತ್ರವನ್ನು ನಾನು ಅದುವರೆಗೆ ಕಪ್ಪು ಹಲಗೆಯ ಮೇಲೆ ಬರೆಯುತ್ತಿದ್ದೆ. ಶಾಲೆ ಬಿಟ್ಟಿದ್ದ ಆ ಡ್ರೈವರು ಅದನ್ನು ಬಳಸಿ ತೋರಿಸಿದ. ಮುಂದಿನ ವರ್ಷಗಳಲ್ಲಿ ಆಂದೋಲನದ ಪಾಠ ಬಂದಾಗಲೆಲ್ಲ ನಾನು ಭತ್ತದ ಮೂಟೆಯ ಉದಾಹರಣೆ ಕೊಡುತ್ತಿದ್ದುದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ ಕಾರುಗಳ ತಳವಿನ್ಯಾಸವೇ ಬದಲಾಯಿತು. ಈಗಿನ ಬಹುಪಾಲು ಸಣ್ಣ ಕಾರುಗಳಲ್ಲಿ ಇರುವುದು ಸುರುಳಿ ಸ್ಪ್ರಿಂಗು. ಅದನ್ನು ಎತ್ತರಿಸಲು ಅಂಗಡಿಗಳಲ್ಲಿ ಎರಡು ಬಗೆಯ ವಸ್ತುಗಳು ದೊರೆಯುತ್ತವೆ. ಸುರುಳಿಗಳ ನಡುವೆ ಸಿಕ್ಕಿಸುವ ರಬ್ಬರಿನ ಬಫರು ಒಂದು. ಅದು ಸುರುಳಿಯ ಒಂದು ಭಾಗವನ್ನು ಕೆಲಸ ಮಾಡದಂತೆ ತಡೆಯುವುದರಿಂದ ಸ್ಪ್ರಿಂಗು ಬಿಗಿಯಾಗುತ್ತದೆ, ಹಳೆಯ ಹೆಚ್ಚುವರಿ ಬ್ಲೇಡಿನ ಗುಣದೋಷಗಳೆಲ್ಲ ಇದಕ್ಕೂ ಇವೆ. ಸ್ಪ್ರಿಂಗಿನ ತಲೆಯ ಮೇಲಿಡುವ ಬಿಲ್ಲೆ, ಅಂದರೆ ಸ್ಪೇಸರು, ಇನ್ನೊಂದು. ಇದು ಬಿಗುಪನ್ನು ಬದಲಿಸುವುದಿಲ್ಲ. ಆದರೆ ಗುಂಡಿ ಬಂದಾಗ ಚಕ್ರ ಕೆಳಗಿಳಿಯಲು ಇದ್ದ ಅವಕಾಶವನ್ನು ಅಷ್ಟರಮಟ್ಟಿಗೆ ತಿಂದುಹಾಕುತ್ತದೆ, ಚಕ್ರಕ್ಕೆ ಶಕ್ತಿ ಒಯ್ಯುವ ದಂಡಗಳ ಓರೆಯನ್ನೂ ಹೆಚ್ಚಿಸುತ್ತದೆ. ಕಾರನ್ನು ತಗ್ಗಿಸಲು ಸುರುಳಿಯನ್ನು ಕತ್ತರಿಸುವವರೂ, ಬೆಂಕಿಯಿಂದ ಕಾಯಿಸುವವರೂ ಇದ್ದಾರೆ. ಕಾಯಿಸಿದ ಉಕ್ಕಿನ ಹದ ಕೆಟ್ಟರೆ ಅದು ಎಂದು ಮುರಿಯುವುದೋ ಹೇಳಲಾಗದು.

ಇನ್ನೊಂದು ಸಂಗತಿ ಜೀಪಿನವರಿಗೆ ಚೆನ್ನಾಗಿ ಗೊತ್ತು. ಸ್ಪ್ರಿಂಗನ್ನು ಎಷ್ಟು ಎತ್ತರಿಸಿದರೂ ಮೇಲೇರುವುದು ಗಾಡಿಯ ಮೈ ಮಾತ್ರ, ಹಿಂದಿನ ಅಚ್ಚಿನ ನಡುವೆ ಗಡಿಗೆಯಂತಿರುವ ಡಿಫರೆನ್ಷಿಯಲ್ಲು ಇದ್ದಲ್ಲಿಯೇ ಇರುತ್ತದೆ. ಅದನ್ನು ನೆಲದಿಂದ ಮೇಲೆತ್ತುವುದು ದೊಡ್ಡ ಟೈರು ಒಂದೇ. 175/70 ಟೈರಿನ ಬದಲು ಅದೇ 13 ಇಂಚಿನ ಗಾಲಿಗೆ 185/70 ಹಾಕಿದರೆ ಎತ್ತರ 7 ಮಿಲಿಮೀಟರ್ ಹೆಚ್ಚುತ್ತದೆ. ಆಗ ವೇಗಮಾಪಕ 100 ತೋರಿಸುವಾಗ ಕಾರು ಮೊದಲಿಗಿಂತ ಸುಮಾರು ನೂರಕ್ಕೆ ಎರಡೂವರೆ ಪಾಲು ಹೆಚ್ಚು ವೇಗದಲ್ಲಿ ಓಡುತ್ತಿರುತ್ತದೆ.

ಇನ್ನು ಮಗುಚುವ ಅಪಾಯ. ಎಡ ಬಲ ಚಕ್ರಗಳ ನಡುವಿನ ಅಂತರವನ್ನು ಗುರುತ್ವಕೇಂದ್ರದ ಎತ್ತರದ ಎರಡರಷ್ಟರಿಂದ ಭಾಗಿಸಿದರೆ ವಾಹನದ ಸ್ಥಿರತೆಯ ಅಳತೆ ದೊರೆಯುತ್ತದೆ. ಅಂತರ 1.40 ಮೀಟರ್, ಎತ್ತರ 0.55 ಮೀಟರ್ ಎಂದಿಟ್ಟುಕೊಳ್ಳಿ. ಉತ್ತರ 1.27. ಗುರುತ್ವಕೇಂದ್ರ 5 ಸೆಂಟಿಮೀಟರ್ ಮೇಲೇರಿದರೆ ಅದು 1.17ಕ್ಕೆ ಇಳಿಯುತ್ತದೆ. ಊರೊಳಗೆ ನಿಧಾನವಾಗಿ ಹೋಗುವಾಗ ಇದು ತಿಳಿಯುವುದೇ ಇಲ್ಲ. ಪಿರಿಯಾಪಟ್ಟಣ ದಾಟಿ ಕುಶಾಲನಗರದ ಕಡೆಗೆ ವೇಗವಾಗಿ ಹೋಗುವಾಗ ಎಮ್ಮೆಯೊಂದು ಅಡ್ಡ ಬಂದು ಸ್ಟಿಯರಿಂಗನ್ನು ಥಟ್ಟನೆ ತಿರುಗಿಸಬೇಕಾದಾಗ ತಿಳಿಯುತ್ತದೆ.

ಕಾನೂನಿನ ಮಾತನ್ನೂ ಹೇಳಿಬಿಡುತ್ತೇನೆ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ನಮೂದಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಈ ಕಲಮನ್ನು ಎತ್ತಿಹಿಡಿಯಿತು.

ಹಾಗಾದರೆ ತಳ ತಾಗುವುದು ಯಾರ ತಪ್ಪು? ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 1988ರ ಮಾರ್ಗಸೂಚಿಯಂತೆ ರಸ್ತೆಯ ಉಬ್ಬು 3.7 ಮೀಟರ್ ಅಗಲವಾಗಿ, ನಡುವೆ 10 ಸೆಂಟಿಮೀಟರ್ ಎತ್ತರವಾಗಿ, ದುಂಡಗೆ ಇರಬೇಕು. ನಾನು ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದೆ. ಹಿಂದಿನ ಮುಂದಿನ ಚಕ್ರಗಳ ನಡುವೆ 2.4 ಮೀಟರ್ ಅಂತರವಿರುವ ಸಣ್ಣ ಕಾರು ಅದರ ಮೇಲೆ ನಿಂತರೆ ಉಬ್ಬು ಕಾರಿನ ಹೊಟ್ಟೆಯ ಕಡೆಗೆ ಏಳುವುದು ಸುಮಾರು 4 ಸೆಂಟಿಮೀಟರ್ ಮಾತ್ರ. ತುಂಬಿದ ಕಾರಿಗೂ ಅದು ತಾಗಲಾರದು. ನಮ್ಮ ಊರುಗಳ ಮುಂದೆ ರಾತ್ರೋರಾತ್ರಿ ಏಳುವ, ಒಂದು ಮೊಳ ಅಗಲದ, ಗೋಡೆಯಂತೆ ನೇರವಾದ ದಿಬ್ಬಗಳೇ ತಾಗುವುವು. ಮಕ್ಕಳ ಪ್ರಾಣ ಉಳಿಸಲು ಹಾಕಿದ ದಿಬ್ಬವನ್ನು ಯಾರೂ ಆಕ್ಷೇಪಿಸಲಾರರು. ಅದನ್ನು ಅಳತೆಯಂತೆ ಹಾಕಿರೆಂದು ಪಂಚಾಯಿತಿಗೆ ಅರ್ಜಿ ಬರೆಯಲು ನಿಮಗೆಲ್ಲ ಬರುತ್ತದೆ, ಅರ್ಜಿ ಬರೆಯುವುದನ್ನು ನಿಮಗೆ ಎಂಟನೆಯ ತರಗತಿಯಲ್ಲೇ ಕಲಿಸಿದ್ದೇವೆ.

ಆದ್ದರಿಂದ ಕೇಳಿದವರಿಗೆಲ್ಲ ನನ್ನ ಉತ್ತರ ಹೀಗೆ. ಮೊದಲು ಹಳೆಯ ಸ್ಪ್ರಿಂಗು ಕುಸಿದಿದೆಯೇ ನೋಡಿಸಿ. ಹಲವು ಸಲ ನೀವು ಬಯಸುವ ಅಂಗುಲವು ಕಾರಿಗೆ ಮೊದಲು ಇದ್ದು ಈಗ ಕಳೆದುಹೋದದ್ದೇ ಆಗಿರುತ್ತದೆ, ತಯಾರಕರ ಹೊಸ ಸ್ಪ್ರಿಂಗು ಹಾಕಿದರೆ ಮರಳಿ ಬರುತ್ತದೆ. ಟೈರಿನ ಗಾಳಿ ಸರಿಯಾಗಿರಲಿ, ಡಿಕ್ಕಿಯ ಅನಗತ್ಯ ಭಾರ ಇಳಿಯಲಿ. ತೀರ ಎತ್ತರದ ದಿಬ್ಬ ಬಂದಲ್ಲಿ ಇಬ್ಬರು ಇಳಿದು ನಾಲ್ಕು ಹೆಜ್ಜೆ ನಡೆಯಿರಿ. ಹಿಂದೆ ಏರು ಬಂದಾಗ ಬಂಡಿಯಲ್ಲಿದ್ದವರೆಲ್ಲ ಎತ್ತುಗಳಿಗಾಗಿ ಇಳಿದು ನಡೆಯುತ್ತಿದ್ದರು, ಅದನ್ನು ಯಾರೂ ಅವಮಾನವೆಂದು ಭಾವಿಸಿದ್ದಿಲ್ಲ.