ಟಾರ್ಗೆಟ್ ಪ್ರಾಡಕ್ಟ್ ಪ್ರೊಫೈಲ್

ತಯಾರಾಗಬೇಕಾದ ಔಷಧ ಅಥವಾ ಪರೀಕ್ಷಾ ಸಾಧನ ಯಾರಿಗೆ, ಎಲ್ಲಿ, ಯಾವ ಬೆಲೆಗೆ ಒದಗಬೇಕೆಂದು ಮೊದಲೇ ಬರೆದಿಡುವ, ಔಷಧೋದ್ಯಮದಲ್ಲಿ ಬಳಕೆಯಲ್ಲಿರುವ ಯೋಜನಾಪಟ್ಟಿ. ವಿಶ್ವವಿದ್ಯಾಲಯದ ಪ್ರಯೋಗಾಲಯಗಳಿಗೂ ಇದು ಬೇಕೆಂಬುದಕ್ಕೆ ಕುಡುಗೋಲು ಕಣ ರಕ್ತಹೀನತೆ ಒಳ್ಳೆಯ ನಿದರ್ಶನ. ಮಲೆ ಮಹದೇಶ್ವರ ಬೆಟ್ಟ, ಯಳಂದೂರು ಸೀಮೆಯ ಸೋಲಿಗ ಬುಡಕಟ್ಟಿನವರಲ್ಲಿ ಈ ಆನುವಂಶಿಕ ಕಾಯಿಲೆ ಕಾಣಿಸಿಕೊಳ್ಳುತ್ತದೆ. ಅಗ್ಗದ ಕರಗುವಿಕೆ ಪರೀಕ್ಷೆಯಲ್ಲಿ ದ್ರಾವಣ ಮಬ್ಬಾದರೆ ಈ ಕಾಯಿಲೆಗೆ ಕಾರಣವಾದ ಹಿಮೋಗ್ಲೋಬಿನ್ ಎಸ್ ಇದೆಯೆಂದಷ್ಟೇ ಗೊತ್ತಾಗುತ್ತದೆ. ವ್ಯಕ್ತಿ ವಾಹಕನೋ ರೋಗಿಯೋ ತಿಳಿಯದು. ಅದನ್ನು ಖಚಿತಪಡಿಸುವ ಎಚ್‌ಪಿಎಲ್‌ಸಿ ಯಂತ್ರಕ್ಕೆ ವಿದ್ಯುತ್ತು, ತರಬೇತಿ ಪಡೆದ ಸಿಬ್ಬಂದಿ ಎರಡೂ ಬೇಕು. ಆದ್ದರಿಂದ ಸೋಲಿಗರ ಹಾಡಿಯಾದ ಪೋಡಿನಲ್ಲೇ, ಬೆರಳ ತುದಿಯ ಹನಿ ರಕ್ತದಿಂದ, ಫ್ರಿಜ್ಜಿನ ಹಂಗಿಲ್ಲದೆ ಉತ್ತರ ಸಿಗಬೇಕೆಂಬ ಷರತ್ತು ಸಾಧನದ ವಿನ್ಯಾಸಕ್ಕಿಂತ ಮೊದಲೇ ಪಟ್ಟಿಗೆ ಸೇರಬೇಕು.

ಇಂಥ ಪಟ್ಟಿ ಸಂಶೋಧಕರ ಕುತೂಹಲಕ್ಕೆ ಕಡಿವಾಣ ಹಾಕುತ್ತದೆಂಬ ಆಕ್ಷೇಪ ಮೂಲವಿಜ್ಞಾನದ ಮಟ್ಟಿಗೆ ಸರಿ. ಆದರೆ ರೋಗಿಗೆ ತಲುಪುವ ಸಾಧನವೇ ಗುರಿಯಾದಾಗ, ಹೊಸ ಪುರಾವೆಗೆ ತಕ್ಕಂತೆ ತಿದ್ದಬಹುದಾದ ಈ ಪಟ್ಟಿ ವ್ಯರ್ಥ ಶ್ರಮವನ್ನು ತಪ್ಪಿಸುತ್ತದೆ. 2047ರೊಳಗೆ ಈ ಕಾಯಿಲೆಯ ನಿರ್ಮೂಲನೆಗೆಂದು 2023ರಲ್ಲಿ ಆರಂಭವಾದ ರಾಷ್ಟ್ರೀಯ ಅಭಿಯಾನಕ್ಕೂ ಇಂಥ ಸಾಧನಗಳು ನೆರವಾಗುತ್ತವೆ.