ಕೇಂಬ್ರಿಜ್‌ನ ಸೈಕಲ್ಲು, ಈಲಿಯ ದಾರಿ

ಪ್ರತಿ ವರ್ಷ ಅಕ್ಟೋಬರ್ ತಿಂಗಳಲ್ಲಿ ದೇಶ ವಿದೇಶಗಳಿಂದ ಕೇಂಬ್ರಿಜ್‌ಗೆ ಬಂದಿಳಿಯುವ ವಿದ್ಯಾರ್ಥಿಗಳಲ್ಲಿ ಬಹಳ ಮಂದಿ ಮೊದಲು ಕೊಳ್ಳುವ ವಸ್ತು ಪುಸ್ತಕವಲ್ಲ, ಹಳೆಯ ಸೈಕಲ್ಲು. ಕಾಲೇಜು ಒಂದು ಕಡೆ, ಗ್ರಂಥಾಲಯ ಇನ್ನೊಂದು ಕಡೆ ಇರುವ ಊರಿನಲ್ಲಿ ಅದಿಲ್ಲದೆ ದಿನ ಸಾಗುವುದು ಕಷ್ಟ. ಆದರೆ ರಜೆಯ ದಿನ ಅದೇ ಸೈಕಲ್ಲನ್ನು ಊರಾಚೆಗೆ, ಉತ್ತರ ದಿಕ್ಕಿಗೆ ತಿರುಗಿಸಿದರೆ, ಯಾವ ತರಗತಿಯಲ್ಲೂ ಇಷ್ಟು ಸ್ಪಷ್ಟವಾಗಿ ಸಿಗದ ಚರಿತ್ರೆಯ ಪಾಠವೊಂದು ತೆರೆದುಕೊಳ್ಳುತ್ತದೆ.

ಸೈಕಲ್ಲಿಗೂ ಈ ವಿದ್ಯಾಪೀಠಕ್ಕೂ ಇರುವ ನಂಟು ಹಳೆಯದು. 1885ರಲ್ಲಿ ಜಾನ್ ಕೆಂಪ್ ಸ್ಟಾರ್ಲಿ ರೂಪಿಸಿದ 'ರೋವರ್' ಸೈಕಲ್ಲು, 1888ರಲ್ಲಿ ಡನ್‌ಲಪ್ ತಂದ ಗಾಳಿ ತುಂಬಿದ ಟೈರು, ಇವೆರಡೂ ಸೇರಿ ಹಳ್ಳಿಗಾಡಿನ ಸವಾರಿಯನ್ನು ಸಾಮಾನ್ಯರ ಕೈಗೆಟುಕಿಸಿದವು. ಸೈಕಲ್ಲು ಹೆಣ್ಣುಮಕ್ಕಳ ಸ್ವಾತಂತ್ರ್ಯದ ಗುರುತೂ ಆಯಿತು. 1897ರಲ್ಲಿ ಮಹಿಳೆಯರಿಗೆ ಪದವಿ ಕೊಡಬೇಕೆಂಬ ಸಲಹೆ ಮತಕ್ಕೆ ಬಂದಾಗ, ಅದನ್ನು ವಿರೋಧಿಸಿದ ಹುಡುಗರು ಸೆನೆಟ್ ಹೌಸ್ ಎದುರು ತೂಗುಹಾಕಿದ್ದು ಸೈಕಲ್ಲೇರಿದ ಹೆಂಗಸಿನ ಬೊಂಬೆಯನ್ನೇ! ಅವರಿಗೆ ಪೂರ್ಣ ಪದವಿ ದೊರೆತದ್ದು 1948ರಲ್ಲಿ.

ಕೇಂಬ್ರಿಜ್‌ನಿಂದ ಈಲಿ ಪಟ್ಟಣಕ್ಕೆ ಸುಮಾರು 25 ಕಿ.ಮೀ. ದಾರಿಯಲ್ಲಿ ಏರು ಇಳಿವು ಇಲ್ಲವೆಂದೇ ಹೇಳಬೇಕು. ಎದುರುಗಾಳಿಯೊಂದೇ ಸವಾರನ ಶತ್ರು. ವಾಟರ್‌ಬೀಚ್ ದಾಟಿದರೆ 12ನೇ ಶತಮಾನದ ಡೆನ್ನಿ ಮಠ. ಮುಂದೆ ಬಯಲಿನ ಅಂಚಿನಲ್ಲಿ ಹಡಗಿನಂತೆ ಈಲಿಯ ಮಹಾಚರ್ಚು ಕಾಣಿಸುತ್ತದೆ. 1083ರಲ್ಲಿ ಅದರ ಕಟ್ಟಡ ಆರಂಭವಾಯಿತು. 1322ರಲ್ಲಿ ನಡುಗೋಪುರ ಕುಸಿದಾಗ ಆ ಜಾಗದಲ್ಲಿ ಎದ್ದ ಎಂಟು ಮೂಲೆಯ ಗೋಪುರ ಇಂದಿಗೂ ನೋಡುವವರನ್ನು ಬೆರಗುಗೊಳಿಸುತ್ತದೆ.

ಈ ನೆಲ ಇಷ್ಟು ಸಮತಟ್ಟಾಗಿರುವುದೇಕೆ? ಇದು ಒಂದು ಕಾಲಕ್ಕೆ ನೀರು, ಜೊಂಡು, ಕೆಸರು ತುಂಬಿದ 'ಫೆನ್ಸ್' ಎಂಬ ಜೌಗು ಪ್ರದೇಶ. ಈಲಿ ಅದರ ನಡುವಣ ದ್ವೀಪ. ಅಲ್ಲಿ ಹೇರಳವಾಗಿದ್ದ ಈಲ್ ಎಂಬ ಹಾವುಮೀನಿನಿಂದಲೇ ಊರಿಗೆ ಆ ಹೆಸರು ಬಂತೆನ್ನುತ್ತಾರೆ. ನಾರ್ಮನ್ ದೊರೆ ವಿಲಿಯಂನ ಸೇನೆಯನ್ನು 1071ರ ವರೆಗೆ ಹೆರೆವಾರ್ಡ್ ಎಂಬ ಬಂಡಾಯಗಾರ ತಡೆದು ನಿಲ್ಲಿಸಲು ಸಾಧ್ಯವಾದದ್ದು ಈ ಕೆಸರಿನ ಕಾವಲಿನಿಂದ.

ಜೌಗು ಎಂದರೆ ಪಾಳುಭೂಮಿ ಎಂದು ತಿಳಿದವರು ಹಣವಂತರು. ಅಲ್ಲಿನ ಬಡವರಿಗೆ ಅದು ಅನ್ನ. ಮೀನು, ನೀರುಹಕ್ಕಿ, ಮಾಡಿಗೆ ಹೊದಿಸುವ ಜೊಂಡು, ಬೇಸಿಗೆಯಲ್ಲಿ ದನಗಳಿಗೆ ಹುಲ್ಲು, ಎಲ್ಲವೂ ಊರವರ ಹಕ್ಕಾಗಿತ್ತು. 1630ರ ದಶಕದಲ್ಲಿ ಬೆಡ್‌ಫರ್ಡಿನ ಅರ್ಲ್ ಮತ್ತವನ ಜೊತೆಗಾರರು ಬಂಡವಾಳ ಹೂಡಿ ನೀರು ಬಸಿಯಲು ಹೊರಟರು. ಪ್ರತಿಫಲವಾಗಿ ಗೊತ್ತಾದದ್ದು 95,000 ಎಕರೆ ಭೂಮಿ. ಡಚ್ ಎಂಜಿನಿಯರ್ ಕಾರ್ನೀಲಿಯಸ್ ವರ್ಮೈಡನ್ ನೇರ ಕಾಲುವೆಗಳನ್ನು ತೋಡಿಸಿದ. ಹಕ್ಕು ಕಳೆದುಕೊಂಡ ಜನ ಸುಮ್ಮನಿರಲಿಲ್ಲ. ಕಟ್ಟೆ ಒಡೆದರು, ಕಾಲುವೆ ಮುಚ್ಚಿದರು. ಈಲಿಯಲ್ಲೇ ಮನೆ ಮಾಡಿದ್ದ ಆಲಿವರ್ ಕ್ರಾಮ್‌ವೆಲ್ ಮೊದಲು ಈ ಜನರ ಪರ ನಿಂತವನು. ಅಧಿಕಾರ ಕೈಗೆ ಬಂದ ಮೇಲೆ ಅವನ ಪಕ್ಷದ ಸರ್ಕಾರವೇ ಕೆಲಸ ಮುಂದುವರಿಸಿತು. 1650ರ ಡನ್‌ಬಾರ್ ಯುದ್ಧದಲ್ಲಿ ಸೆರೆಸಿಕ್ಕ ಸ್ಕಾಟ್ ಸೈನಿಕರಿಂದಲೂ ಕಾಲುವೆ ತೋಡಿಸಲಾಯಿತು.

ನೀರು ಹೋಯಿತು, ಬಂಗಾರದಂಥ ಬೆಳೆ ಬಂತು. ಆದರೆ ಯಾರೂ ಎಣಿಸದ ತೊಡಕೊಂದು ಹಿಂದೆಯೇ ಬಂತು. ಇಲ್ಲಿಯ ಕಪ್ಪು ಮಣ್ಣು ಸಾವಿರಾರು ವರ್ಷ ನೀರಿನಡಿ ಅರೆಕೊಳೆತ ಗಿಡಗಳಿಂದಾದದ್ದು. ಒಣಗಿದರೆ ಅದು ಕುಗ್ಗುತ್ತದೆ, ಗಾಳಿ ತಾಗಿ ಕರಗಿಹೋಗುತ್ತದೆ. ನೆಲ ತಗ್ಗಿದಂತೆ ನೀರು ತಾನಾಗಿ ಹರಿಯುವುದು ನಿಂತಿತು. ಎತ್ತಿ ಹಾಕಲು ಗಾಳಿಯಂತ್ರಗಳು ಬಂದವು, ಸಾಲದೆ ಉಗಿಯಂತ್ರಗಳು ಬಂದವು. 1831ರ ಅಂಥ ಒಂದು ಯಂತ್ರ ಸ್ಟ್ರೆಥಮ್ ಬಳಿ ಇನ್ನೂ ಉಳಿದಿದೆ. ಪೀಟರ್‌ಬರೊ ಸಮೀಪದ ಹೋಮ್ ಎಂಬಲ್ಲಿ 1851ರ ಸುಮಾರಿಗೆ ತುದಿ ನೆಲಮಟ್ಟಕ್ಕೆ ಬರುವಂತೆ ಕಂಬವೊಂದನ್ನು ಹೂತಿದ್ದರು. ಇಂದು ಅದು ಸುಮಾರು 4 ಮೀಟರ್ ಮೇಲೆ ನಿಂತಿದೆ. ಕಂಬ ಏರಲಿಲ್ಲ, ನೆಲ ಇಳಿಯಿತು.

ರೈಲಿನಲ್ಲಿ ಈಲಿಗೆ ಕಾಲು ಗಂಟೆಯ ದಾರಿ. ಆ ವೇಗದಲ್ಲಿ ಇದೊಂದೂ ಗಮನಕ್ಕೆ ಬಾರದು. ಸೈಕಲ್ಲಿನವನು ವಿಕೆನ್ ಕಡೆಯ ದಾರಿ ಹಿಡಿದು ಹಳೆಯ ಕಾಲುವೆಯ ಏರಿ ಹತ್ತಿ ನಿಂತರೆ, ಒಂದು ಮಗ್ಗುಲಲ್ಲಿ ನೀರು ಮೇಲೆ, ಇನ್ನೊಂದು ಮಗ್ಗುಲಲ್ಲಿ ಹೊಲ ಕೆಳಗೆ. ಅಲ್ಲಿಯೇ, 1899ರಿಂದ ನ್ಯಾಷನಲ್ ಟ್ರಸ್ಟ್ ಕಾಯ್ದುಕೊಂಡು ಬಂದ ಜೌಗಿನ ತುಣುಕೊಂದಿದೆ. ವಿದ್ಯಾರ್ಥಿಯಾಗಿದ್ದಾಗ ಚಾರ್ಲ್ಸ್ ಡಾರ್ವಿನ್, ಫೆನ್ಸ್‌ನಿಂದ ಜೊಂಡು ತರುವ ದೋಣಿಗಳ ತಳದ ಕಸವನ್ನು ಕೂಲಿಯಾಳಿನಿಂದ ಕೂಡಿಸಿ ತರಿಸಿ, ಅದರಲ್ಲಿ ಅಪರೂಪದ ಜೀರುಂಡೆಗಳನ್ನು ಹುಡುಕುತ್ತಿದ್ದ. ಆ ಹಿಂದಿನ ಫೆನ್ಸ್ ಹೇಗಿತ್ತೆಂದು ಊಹಿಸಲು ವಿಕೆನ್‌ನಂಥ ಕೆಲವೇ ತಾಣಗಳು ಈಗ ಉಳಿದಿವೆ.

ಹೊಸದಾಗಿ ಬಂದ ವಿದ್ಯಾರ್ಥಿಗೆ ಈ ದಾರಿ ಸುಲಭವೆನಿಸುವುದು ಅದು ಸಮತಟ್ಟಾದ್ದರಿಂದ. ಆ ಸುಖದ ಹಿಂದೆ ಹಕ್ಕು ಕಳೆದುಕೊಂಡ ಮೀನುಗಾರರಿದ್ದಾರೆ, ಸೆರೆಯಾಳುಗಳಿದ್ದಾರೆ, ಇಳಿಯುತ್ತಲೇ ಇರುವ ನೆಲವಿದೆ. ಮಳೆ ಬಂದಾಗಲೆಲ್ಲ ಅಲ್ಲಿ ಪಂಪುಗಳು ನೀರೆತ್ತಲೇಬೇಕು. ಅವು ನಿಂತರೆ ಹಳೆಯ ಜೌಗು ಮರಳಿ ಬರುತ್ತದೆ.