ಸಸ್ಪೆನ್ಷನ್ ಲಿಫ್ಟ್ ಎತ್ತರದ ಆಯ್ಕೆ

ಸಸ್ಪೆನ್ಷನ್ ಲಿಫ್ಟ್ ಎಂದರೆ ಮೋಟಾರು ವಾಹನದ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಮೊದಲಾದ ಭಾಗಗಳನ್ನು ಬದಲಾಯಿಸಿ, ಅದರ ಚಾಸಿ ಮತ್ತು ಒಡಲನ್ನು ಅಚ್ಚುಗಳಿಂದ ಮೇಲಕ್ಕೆತ್ತುವ ಮಾರ್ಪಾಡು. ಬಂಡೆ, ಕೆಸರು, ಕೊರಕಲುಗಳಿರುವ ದಾರಿಗಳಲ್ಲಿ ಸಂಚರಿಸುವ ನಾಲ್ಕು ಚಕ್ರ ಚಾಲನೆಯ ವಾಹನಗಳಲ್ಲಿ ಇದು ಬಳಕೆಯಲ್ಲಿದೆ. ಲಿಫ್ಟ್‌ನ ಪ್ರಮಾಣವನ್ನು ಅಂಗುಲ ಅಥವಾ ಮಿಲಿಮೀಟರುಗಳಲ್ಲಿ ಹೇಳಲಾಗುತ್ತದೆ. ಮಾರುಕಟ್ಟೆಯಲ್ಲಿ 1 ಅಂಗುಲದಿಂದ 6 ಅಂಗುಲ ಹಾಗೂ ಅದಕ್ಕೂ ಹೆಚ್ಚಿನ ಎತ್ತರದ ಜೋಡಣೆಗಳು ದೊರೆಯುತ್ತವೆ. ಎತ್ತರ ಹೆಚ್ಚಿದಷ್ಟೂ ವಾಹನದ ಸ್ಥಿರತೆ ಕುಗ್ಗುವುದರಿಂದ, ಬೇಕಾದ ಅಳತೆಯ ಟೈರು ಉಜ್ಜದೆ ಕೂರಲು ಸಾಕಾಗುವ ಕನಿಷ್ಠ ಎತ್ತರವನ್ನು ಆರಿಸಿಕೊಳ್ಳುವುದೇ ಈ ವಿಷಯದ ಮೂಲ ನಿಯಮವೆನಿಸಿದೆ.

ಲಿಫ್ಟ್ ಏನನ್ನು ಎತ್ತುತ್ತದೆ

ವಾಹನದ ಕೆಳಭಾಗದ ಅತಿ ತಗ್ಗಿನ ಬಿಂದುವಿಗೂ ನೆಲಕ್ಕೂ ಇರುವ ಅಂತರವನ್ನು ಗ್ರೌಂಡ್ ಕ್ಲಿಯರೆನ್ಸ್ ಎನ್ನುತ್ತಾರೆ. ಎರಡು ಚಕ್ರಗಳನ್ನೂ ಒಂದೇ ಗಟ್ಟಿ ಅಚ್ಚಿಗೆ ಜೋಡಿಸಿದ ವಾಹನಗಳಲ್ಲಿ ಈ ಅತಿ ತಗ್ಗಿನ ಬಿಂದು ಸಾಮಾನ್ಯವಾಗಿ ಅಚ್ಚಿನ ಮಧ್ಯದ ಡಿಫರೆನ್ಷಿಯಲ್ ಗಡ್ಡೆಯಾಗಿರುತ್ತದೆ. ಸ್ಪ್ರಿಂಗ್ ಇರುವುದು ಅಚ್ಚಿನ ಮೇಲೆ. ಆದುದರಿಂದ ಸ್ಪ್ರಿಂಗನ್ನು ಎಷ್ಟು ಎತ್ತರಿಸಿದರೂ ಡಿಫರೆನ್ಷಿಯಲ್ ಇದ್ದಲ್ಲಿಯೇ ಇರುತ್ತದೆ. ಅದನ್ನು ಮೇಲಕ್ಕೆತ್ತಬಲ್ಲುದು ದೊಡ್ಡ ಟೈರು ಮಾತ್ರ. ಅದೂ ಟೈರಿನ ವ್ಯಾಸದ ಹೆಚ್ಚಳದ ಅರ್ಧದಷ್ಟು. 32 ಅಂಗುಲದ ಟೈರಿನ ಬದಲು 35 ಅಂಗುಲದ ಟೈರು ಹಾಕಿದರೆ ಡಿಫರೆನ್ಷಿಯಲ್ ಒಂದೂವರೆ ಅಂಗುಲ, ಎಂದರೆ ಸುಮಾರು 38 ಮಿ.ಮೀ. ಮೇಲೇರುತ್ತದೆ.

ಲಿಫ್ಟ್‌ನಿಂದ ನೇರವಾಗಿ ದೊರೆಯುವ ಪ್ರಯೋಜನಗಳು ಎರಡು. ಮೊದಲನೆಯದು, ದೊಡ್ಡ ಟೈರು ಒಡಲಿಗೆ ಉಜ್ಜದೆ ತಿರುಗಲು ಸ್ಥಳ. ಎರಡನೆಯದು, ಅಚ್ಚುಗಳ ನಡುವಿನ ಹೊಟ್ಟೆಭಾಗಕ್ಕೂ ಮುಂದಿನ ಹಿಂದಿನ ಬಂಪರುಗಳಿಗೂ ಸಿಗುವ ಹೆಚ್ಚಿನ ಎತ್ತರ. ನೀರು ದಾಟುವಾಗಲೂ ಇದೇ ಭೇದ ಕಾಣುತ್ತದೆ: ಎಂಜಿನ್ನಿನ ಗಾಳಿಮಾರ್ಗ ಮೇಲೇರಿದರೂ ಡಿಫರೆನ್ಷಿಯಲ್ ಮೊದಲಿನಷ್ಟೇ ಆಳದಲ್ಲಿ ಮುಳುಗುತ್ತದೆ.

ಒಡಲನ್ನು ಮಾತ್ರ ಚಾಸಿಯಿಂದ ಮೇಲಕ್ಕೆತ್ತುವ ಬಾಡಿ ಲಿಫ್ಟ್ ಬೇರೆಯೇ ವಿಧಾನ. ಅದು ಟೈರಿಗೆ ಸ್ಥಳ ಕೊಡುತ್ತದೆಯೇ ಹೊರತು ಚಾಸಿಯ ಎತ್ತರವನ್ನು ಬದಲಿಸುವುದಿಲ್ಲ.

ಕೋನಗಳು ಮತ್ತು ವೀಲ್‌ಬೇಸ್

ಅಡೆತಡೆಗಳನ್ನು ದಾಟುವ ಸಾಮರ್ಥ್ಯವನ್ನು ಮೂರು ಕೋನಗಳಿಂದ ಅಳೆಯುತ್ತಾರೆ. ಮುಂದಿನ ಬಂಪರ್ ತಗುಲದಂತೆ ಏರಬಹುದಾದ ಇಳಿಜಾರನ್ನು ಅಪ್ರೋಚ್ ಕೋನವೆಂದೂ, ಹಿಂಭಾಗ ತಗುಲದಂತೆ ಇಳಿಯಬಹುದಾದುದನ್ನು ಡಿಪಾರ್ಚರ್ ಕೋನವೆಂದೂ, ಹೊಟ್ಟೆಭಾಗ ಸಿಕ್ಕಿಕೊಳ್ಳದೆ ದಾಟಬಹುದಾದ ದಿಬ್ಬದ ಕೋನವನ್ನು ಬ್ರೇಕ್‌ಓವರ್ ಕೋನವೆಂದೂ ಕರೆಯುತ್ತಾರೆ. ಭಾರತದಲ್ಲಿ 2020ರಲ್ಲಿ ಬಿಡುಗಡೆಯಾದ ಮಹೀಂದ್ರ ಥಾರ್‌ಗೆ ತಯಾರಕರು ಕೊಟ್ಟಿರುವ ಗ್ರೌಂಡ್ ಕ್ಲಿಯರೆನ್ಸ್ 226 ಮಿ.ಮೀ.; 2023ರ ಐದು ಬಾಗಿಲಿನ ಮಾರುತಿ ಸುಜುಕಿ ಜಿಮ್ನಿಯದು 210 ಮಿ.ಮೀ.

ಬ್ರೇಕ್‌ಓವರ್ ಕೋನವು ಹೊಟ್ಟೆಭಾಗದ ಎತ್ತರವನ್ನಷ್ಟೇ ಅಲ್ಲದೆ, ಮುಂದಿನ ಹಿಂದಿನ ಅಚ್ಚುಗಳ ಅಂತರವಾದ ವೀಲ್‌ಬೇಸನ್ನೂ ಅವಲಂಬಿಸಿದೆ. ಜೀಪ್ ರ‍್ಯಾಂಗ್ಲರ್ ಜೆಕೆ ಮಾದರಿಯ ಎರಡು ಬಾಗಿಲಿನ ವಾಹನದ ವೀಲ್‌ಬೇಸ್ ಸುಮಾರು 2424 ಮಿ.ಮೀ.; ನಾಲ್ಕು ಬಾಗಿಲಿನದು ಸುಮಾರು 2946 ಮಿ.ಮೀ. ಎರಡರ ಹೊಟ್ಟೆಭಾಗವೂ ನೆಲದಿಂದ 300 ಮಿ.ಮೀ. ಎತ್ತರದಲ್ಲಿದೆ ಎಂದು ಭಾವಿಸಿ, ಟೈರಿನ ದುಂಡನ್ನು ಗಣಿಸದೆ ಸರಳ ರೇಖಾಗಣಿತದಿಂದ ಲೆಕ್ಕ ಹಾಕಿದರೆ ಚಿಕ್ಕ ವಾಹನಕ್ಕೆ ಸುಮಾರು 28 ಡಿಗ್ರಿ, ಉದ್ದನೆಯದಕ್ಕೆ 23 ಡಿಗ್ರಿ ದೊರೆಯುತ್ತದೆ. ಉದ್ದನೆಯ ವಾಹನವು ಚಿಕ್ಕದಕ್ಕೆ ಸಮನಾಗಬೇಕಾದರೆ ಹೊಟ್ಟೆಭಾಗ ಸುಮಾರು 65 ಮಿ.ಮೀ., ಎಂದರೆ ಎರಡೂವರೆ ಅಂಗುಲ ಮೇಲೇರಬೇಕು. ಒಂದೇ ದಾರಿಗೆ ಎರಡು ವಾಹನಗಳಿಗೆ ಬೇರೆಬೇರೆ ಎತ್ತರ ಬೇಕಾಗುವುದಕ್ಕೆ ಇದು ನಿದರ್ಶನ.

ಟೈರಿನಿಂದ ಎತ್ತರದ ಕಡೆಗೆ

ಮೊದಲು ದಾರಿಯನ್ನು, ಅನಂತರ ದಾರಿಗೆ ತಕ್ಕ ಟೈರನ್ನು, ಕೊನೆಗೆ ಟೈರಿಗೆ ತಕ್ಕ ಎತ್ತರವನ್ನು ನಿರ್ಧರಿಸುವುದು ಅನುಭವಿಗಳು ಪಾಲಿಸುವ ಕ್ರಮ. ಟೈರಿನ ವ್ಯಾಸವನ್ನು ಅದರ ಮೇಲಿನ ಗುರುತಿನಿಂದಲೇ ಕಂಡುಹಿಡಿಯಬಹುದು. 255/75 ಆರ್17 ಎಂಬಲ್ಲಿ 255 ಮಿ.ಮೀ. ಟೈರಿನ ಅಗಲ, ಅದರ ಶೇಕಡಾ 75, ಎಂದರೆ ಸುಮಾರು 191 ಮಿ.ಮೀ. ಪಕ್ಕದ ಗೋಡೆಯ ಎತ್ತರ. 17 ಅಂಗುಲ ರಿಮ್ಮಿನ ವ್ಯಾಸ. ಎರಡು ಗೋಡೆಗಳನ್ನೂ ರಿಮ್ಮನ್ನೂ ಕೂಡಿಸಿದರೆ ಸುಮಾರು 814 ಮಿ.ಮೀ. ಅಥವಾ 32 ಅಂಗುಲ. ಇದು ರ‍್ಯಾಂಗ್ಲರ್ ಜೆಕೆ ರೂಬಿಕಾನ್ ಮಾದರಿಯೊಂದಿಗೆ ಬರುತ್ತಿದ್ದ ಟೈರು.

ಅದೇ ವಾಹನಕ್ಕೆ ರೂಢಿಯಲ್ಲಿರುವ ಜೋಡಣೆಗಳು ಸ್ಥೂಲವಾಗಿ ಹೀಗಿವೆ:

• 1 ರಿಂದ 2 ಅಂಗುಲ: 33 ಅಂಗುಲದವರೆಗಿನ ಟೈರು. ಸ್ಟೀರಿಂಗ್ ಜ್ಯಾಮಿತಿಯಲ್ಲಿ ಅಲ್ಪ ಬದಲಾವಣೆ.
• 2.5 ಅಂಗುಲ: 35 ಅಂಗುಲದವರೆಗಿನ ಟೈರು, ಚಕ್ರ ಪೂರ್ತಿ ಮೇಲೇರಿದಾಗ ಉಜ್ಜದಂತೆ ಬಂಪ್ ಸ್ಟಾಪ್‌ಗಳ ಹೊಂದಾಣಿಕೆ ಬೇಕು.
• 3.5 ರಿಂದ 4 ಅಂಗುಲ: 35 ರಿಂದ 37 ಅಂಗುಲದ ಟೈರು. ಕಂಟ್ರೋಲ್ ಆರ್ಮ್, ಟ್ರ್ಯಾಕ್ ಬಾರ್, ಬ್ರೇಕ್ ಕೊಳವೆ, ಪ್ರೊಪೆಲ್ಲರ್ ಶಾಫ್ಟ್‌ಗಳತ್ತ ಗಮನ ಅನಿವಾರ್ಯ.
• ಅದಕ್ಕೂ ಹೆಚ್ಚು: ಬಂಡೆ ಹತ್ತುವ ವಿಶೇಷ ವಾಹನಗಳಿಗೆ ಸೀಮಿತ. ನಿತ್ಯ ಬಳಕೆಗೆ ತಕ್ಕುದಲ್ಲ.

ರಿಮ್ಮಿನ ಆಫ್‌ಸೆಟ್, ಟೈರಿನ ಅಗಲ ಮತ್ತು ಮಡ್‌ಗಾರ್ಡಿನ ಆಕಾರಗಳಿಂದ ಈ ಅಳತೆಗಳು ವ್ಯತ್ಯಾಸವಾಗುತ್ತವೆ. ಮಡ್‌ಗಾರ್ಡ್ ಅಂಚನ್ನು ಕತ್ತರಿಸಿ ಅಥವಾ ಬದಲಿಸಿ, ಕಡಿಮೆ ಲಿಫ್ಟ್‌ನಲ್ಲಿಯೇ ದೊಡ್ಡ ಟೈರು ಕೂರಿಸುವುದೂ ಒಂದು ಮಾರ್ಗ.

ಟೈರು ದೊಡ್ಡದಾದಾಗ ಗೇರಿನ ಅನುಪಾತವೂ ಬದಲಾದಂತಾಗುತ್ತದೆ. 4.10 ಅನುಪಾತದ ಅಚ್ಚಿಗೆ 32ರ ಬದಲು 35 ಅಂಗುಲದ ಟೈರು ಹಾಕಿದರೆ ಪರಿಣಾಮದಲ್ಲಿ ಅದು 3.75ಕ್ಕೆ ಇಳಿಯುತ್ತದೆ, ಎಳೆಯುವ ಶಕ್ತಿ ಕುಗ್ಗುತ್ತದೆ, ಬ್ರೇಕಿನ ಹೊರೆ ಹೆಚ್ಚುತ್ತದೆ. ಸ್ಪೀಡೋಮೀಟರನ್ನು ಸರಿಪಡಿಸದಿದ್ದರೆ ವಾಹನ ಗಂಟೆಗೆ 100 ಕಿ.ಮೀ. ಓಡುವಾಗ ಅದು ಸುಮಾರು 91 ಎಂದು ತೋರಿಸುತ್ತದೆ.

ಸ್ಥಿರತೆಯ ಮೇಲಿನ ಪರಿಣಾಮ

ಲಿಫ್ಟ್ ಮಾಡಿದ ವಾಹನದ ಗುರುತ್ವ ಕೇಂದ್ರ ಮೇಲೇರುತ್ತದೆ. ಎಡಬಲ ಚಕ್ರಗಳ ಅಂತರ ಮಾತ್ರ ಹಾಗೆಯೇ ಉಳಿಯುತ್ತದೆ. ಈ ಅಂತರವನ್ನು ಗುರುತ್ವ ಕೇಂದ್ರದ ಎತ್ತರದ ಎರಡರಷ್ಟರಿಂದ ಭಾಗಿಸಿದಾಗ ದೊರೆಯುವ ಸಂಖ್ಯೆಗೆ ಸ್ಥಿರ ಸ್ಥಿರತಾಂಕವೆನ್ನಬಹುದು. ಅಮೆರಿಕದ ರಾಷ್ಟ್ರೀಯ ಹೆದ್ದಾರಿ ಸಂಚಾರ ಸುರಕ್ಷತಾ ಆಡಳಿತವು ವಾಹನಗಳು ಮಗುಚುವ ಅಪಾಯವನ್ನು ಅಂದಾಜಿಸಲು ಇದನ್ನು ಬಳಸುತ್ತದೆ. ಉದಾಹರಣೆಗೆ, ಚಕ್ರಗಳ ಅಂತರ 1500 ಮಿ.ಮೀ., ಗುರುತ್ವ ಕೇಂದ್ರದ ಎತ್ತರ 700 ಮಿ.ಮೀ. ಇರುವ ವಾಹನದ ಸ್ಥಿರತಾಂಕ 1.07. ಲಿಫ್ಟ್ ಮತ್ತು ಟೈರುಗಳಿಂದ ಕೇಂದ್ರವು 60 ಮಿ.ಮೀ. ಮೇಲೇರಿದರೆ ಅದು 0.99ಕ್ಕೆ ಕುಸಿಯುತ್ತದೆ. ಒಂದರ ಕೆಳಗಿನ ಸಂಖ್ಯೆಯ ಅರ್ಥ, ಟೈರಿನ ಹಿಡಿತ ಪ್ರಬಲವಾಗಿರುವ ರಸ್ತೆಯಲ್ಲಿ ಹಠಾತ್ತನೆ ತಿರುಗಿಸಿದಾಗ ವಾಹನ ಜಾರುವುದಕ್ಕೆ ಮೊದಲೇ ಮಗುಚುವ ಸಂಭವವಿದೆ ಎಂಬುದು. ಮೇಲ್ಛಾವಣಿಯ ಮೇಲೆ ಸಾಮಾನು ಹೇರಿದಾಗ ಅಪಾಯ ಇನ್ನೂ ಹೆಚ್ಚು.

ಅಪಾಯ ವಾಹನದ ಒಳಗಿದ್ದವರಿಗಷ್ಟೇ ಸೀಮಿತವಲ್ಲ. ಮೇಲೇರಿದ ಬಂಪರ್ ಎದುರಿನ ಕಾರಿನ ಆಘಾತ ತಡೆಯುವ ಭಾಗಕ್ಕೆ ಬಡಿಯದೆ ಅದರ ಮೇಲೇರಿ ಹೋಗಬಹುದು. ಬಾನೆಟ್ಟಿನ ಮುಂದೆ ನಿಂತ ಮಗು ಚಾಲಕನ ಕಣ್ಣಿಗೆ ಬೀಳದಿರಬಹುದು. ದೀಪಗಳ ದಿಕ್ಕನ್ನು ತಗ್ಗಿಸದಿದ್ದರೆ ಎದುರಿನವರ ಕಣ್ಣು ಕುಕ್ಕುತ್ತದೆ.

ಯಾಂತ್ರಿಕ ಪರಿಣಾಮಗಳು

ಗಟ್ಟಿ ಅಚ್ಚಿನ ವಾಹನಗಳಲ್ಲಿ ಒಡಲು ಮೇಲೇರಿದಾಗ ಅಚ್ಚನ್ನು ಹಿಡಿದಿರುವ ಕಂಟ್ರೋಲ್ ಆರ್ಮ್‌ಗಳು ಹೆಚ್ಚು ಓರೆಯಾಗಿ, ಮುಂದಿನ ಚಕ್ರಗಳ ಕ್ಯಾಸ್ಟರ್ ಕೋನ ಕಡಿಮೆಯಾಗುತ್ತದೆ. ಇದರಿಂದ ಸ್ಟೀರಿಂಗ್ ತಾನಾಗಿ ನೇರಕ್ಕೆ ಮರಳುವ ಗುಣ ಕ್ಷೀಣಿಸುತ್ತದೆ. ಸವೆದ ಬುಷ್, ಸಡಿಲವಾದ ಟ್ರ್ಯಾಕ್ ಬಾರ್ ಬೋಲ್ಟುಗಳೂ ಸೇರಿಕೊಂಡರೆ, ವೇಗದಲ್ಲಿ ಸಣ್ಣ ಗುಂಡಿ ಸಿಕ್ಕಿದರೂ ಮುಂದಿನ ಚಕ್ರಗಳು ಅದುರತೊಡಗುತ್ತವೆ. ಜೀಪ್ ಬಳಕೆದಾರರು ಇದನ್ನು ಡೆತ್ ವಾಬಲ್ ಎನ್ನುತ್ತಾರೆ. ಟ್ರ್ಯಾಕ್ ಬಾರ್ ಹಳೆಯ ಉದ್ದದಲ್ಲಿಯೇ ಉಳಿದರೆ ಇಡೀ ಅಚ್ಚು ಒಂದು ಪಕ್ಕಕ್ಕೆ ಸರಿಯುತ್ತದೆ.

ಪ್ರೊಪೆಲ್ಲರ್ ಶಾಫ್ಟಿನ ಓರೆಯೂ ಹೆಚ್ಚುತ್ತದೆ. 1997ರಿಂದ 2006ರವರೆಗಿನ ರ‍್ಯಾಂಗ್ಲರ್ ಟಿಜೆ ಮಾದರಿಯ ಹಿಂದಿನ ಶಾಫ್ಟ್ ಬಹಳ ಗಿಡ್ಡವಾದುದರಿಂದ ಎರಡು ಅಂಗುಲ ದಾಟುತ್ತಿದ್ದಂತೆ ಅದರಲ್ಲಿ ಕಂಪನ ಕಾಣಿಸಿಕೊಳ್ಳುವುದು ಸಾಮಾನ್ಯ.

ಚಕ್ರಗಳು ಸ್ವತಂತ್ರವಾಗಿ ಚಲಿಸುವ ಸಸ್ಪೆನ್ಷನ್‌ನಲ್ಲಿ ಮಿತಿ ಇನ್ನೂ ಬಿಗಿಯಾಗಿದೆ. ಎತ್ತರ ಹೆಚ್ಚಿದಂತೆ ಸಿವಿ ಜಾಯಿಂಟ್ ಮತ್ತು ಬಾಲ್ ಜಾಯಿಂಟ್‌ಗಳು ಚಲನೆಯ ಅಂಚಿಗೆ ತಲುಪುತ್ತವೆ. ಚಕ್ರ ಕೆಳಗಿಳಿಯಲು ಅವಕಾಶ ಉಳಿಯುವುದಿಲ್ಲ. ಆದ್ದರಿಂದ ಇಂಥ ವಾಹನಗಳಲ್ಲಿ ಸುಮಾರು ಎರಡು ಅಂಗುಲವನ್ನೇ ವ್ಯಾವಹಾರಿಕ ಮಿತಿಯೆಂದು ಪರಿಗಣಿಸುವುದುಂಟು. ಕೆಳಗಿನ ಆರ್ಮ್‌ಗೆ ಜೋಡಿಸಿದ ಸ್ಟ್ರಟ್‌ನ ಮೇಲೆ ಬಿಲ್ಲೆಯಿಟ್ಟು ಎತ್ತರಿಸುವಾಗ, ಬಿಲ್ಲೆಯ ದಪ್ಪಕ್ಕಿಂತ ವಾಹನ ಏರುವ ಎತ್ತರ ಹೆಚ್ಚು, ಕೆಲವೊಮ್ಮೆ ಸುಮಾರು ಎರಡರಷ್ಟು, ಎಂಬುದನ್ನು ನೆನಪಿಡಬೇಕು. 2020ರ ಥಾರ್‌ನ ಮುಂಭಾಗದಲ್ಲಿ ಸ್ವತಂತ್ರ ಸಸ್ಪೆನ್ಷನ್, ಹಿಂಭಾಗದಲ್ಲಿ ಗಟ್ಟಿ ಅಚ್ಚು ಇದೆ. ಜಿಮ್ನಿಯಲ್ಲಿ ಎರಡೂ ಕಡೆ ಗಟ್ಟಿ ಅಚ್ಚು. ಹೀಗಾಗಿ ಒಂದಕ್ಕೆ ಹೊಂದುವ ಎತ್ತರ ಇನ್ನೊಂದಕ್ಕೆ ಹೊಂದಬೇಕೆಂದಿಲ್ಲ.

ಅಳತೆ ಮತ್ತು ಭಾರ

ಪೆಟ್ಟಿಗೆಯ ಮೇಲೆ ಬರೆದ ಎತ್ತರವೇ ವಾಹನದಲ್ಲಿ ದೊರೆಯುತ್ತದೆಂದು ಹೇಳಲಾಗದು. ಉಕ್ಕಿನ ಬಂಪರ್ ಮತ್ತು ವಿಂಚ್ ಸೇರಿ ಮುಂದಿನ ಅಚ್ಚಿನ ಮೇಲೆ 60 ಕಿ.ಗ್ರಾಂ ಭಾರ ಬಿದ್ದಿತೆನ್ನೋಣ. ಸ್ಪ್ರಿಂಗನ್ನು ಒಂದು ಮಿ.ಮೀ. ಕುಗ್ಗಿಸಲು 30 ನ್ಯೂಟನ್ ಬೇಕಾದರೆ, ಎರಡು ಸ್ಪ್ರಿಂಗ್‌ಗಳ ಮೇಲೆ ವಾಹನ ಸುಮಾರು 10 ಮಿ.ಮೀ. ತಗ್ಗುತ್ತದೆ. ಹಳೆಯ ವಾಹನಗಳಲ್ಲಿ ಸ್ಪ್ರಿಂಗ್ ಮೊದಲೇ ಕುಸಿದಿರುತ್ತದೆ. ಅಂಥಲ್ಲಿ ಹೊಸ ಸ್ಪ್ರಿಂಗ್ ಹಾಕಿದರೆ ಕಾಣುವ ಏರಿಕೆಯಲ್ಲಿ ಒಂದು ಪಾಲು ಕೇವಲ ಮೂಲ ಎತ್ತರದ ಮರಳಿಕೆಯಾಗಿರುತ್ತದೆ.

ಅಳೆಯುವ ಸರಿಯಾದ ವಿಧಾನವೆಂದರೆ, ಸಮತಟ್ಟಾದ ನೆಲದಲ್ಲಿ ವಾಹನವನ್ನು ನಿತ್ಯದ ಭಾರದೊಂದಿಗೆ ನಿಲ್ಲಿಸಿ, ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ನಾಲ್ಕೂ ಕಡೆ ಅಳತೆ ತೆಗೆದುಕೊಳ್ಳುವುದು. ನೆಲದಿಂದ ಅಳೆದರೆ ಟೈರಿನ ಗಾಳಿ ಮತ್ತು ಸವೆತಗಳೂ ಲೆಕ್ಕದೊಳಗೆ ಸೇರಿಕೊಳ್ಳುತ್ತವೆ.

ಕಾನೂನು

ಭಾರತದ ಮೋಟಾರು ವಾಹನ ಕಾಯಿದೆ, 1988ರ 52ನೆಯ ಕಲಮಿನಂತೆ, ನೋಂದಣಿ ಪ್ರಮಾಣಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನಿರ್ದಿಷ್ಟಪಡಿಸಿದವುಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ನಿಷೇಧವನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಬದಲಾದ 182ಎ ಕಲಮು, ಅನುಮತಿಯಿಲ್ಲದ ಮಾರ್ಪಾಡಿಗೆ ವಾಹನದ ಮಾಲೀಕರಿಗೆ ಆರು ತಿಂಗಳವರೆಗಿನ ಸೆರೆವಾಸ, ಅಥವಾ ಪ್ರತಿಯೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಲು ಅವಕಾಶ ನೀಡುತ್ತದೆ. ವಿಮಾ ಕಂಪನಿಗೆ ತಿಳಿಸದೆ ಮಾಡಿದ ಬದಲಾವಣೆ, ಅಪಘಾತದ ಅನಂತರ ಪರಿಹಾರದ ವಿವಾದಕ್ಕೆ ಎಡೆಗೊಡಬಹುದು. ಆದುದರಿಂದ ಸಾರ್ವಜನಿಕ ರಸ್ತೆಯಲ್ಲಿ ಓಡುವ ವಾಹನಕ್ಕೆ ಬಿಡಿಭಾಗ ಕೊಳ್ಳುವುದಕ್ಕೆ ಮೊದಲೇ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಅಗತ್ಯ. ಆಸ್ಟ್ರೇಲಿಯಾದಂಥ ದೇಶಗಳಲ್ಲಿ ನಿರ್ದಿಷ್ಟ ಮಿತಿಯವರೆಗೆ ಎತ್ತರಿಸಲು ಅವಕಾಶವಿದ್ದು, ಅದನ್ನು ಮೀರಿದ ಬದಲಾವಣೆಗೆ ಎಂಜಿನಿಯರರ ಪ್ರಮಾಣಪತ್ರ ಬೇಕಾಗುತ್ತದೆ.

ಕರ್ನಾಟಕದಲ್ಲಿ

ಕೊಡಗು, ಸಕಲೇಶಪುರ, ಚಿಕ್ಕಮಗಳೂರು ಭಾಗಗಳ ಕಾಫಿ ತೋಟಗಳಲ್ಲಿ ಜೀಪುಗಳು ದಶಕಗಳಿಂದ ಬಳಕೆಯಲ್ಲಿವೆ. ಮಡಿಕೇರಿ ಸಮೀಪದ ಮಾಂದಲಪಟ್ಟಿಗೆ ಪ್ರವಾಸಿಗರನ್ನು ಕರೆದೊಯ್ಯುವುದೂ ಬಾಡಿಗೆ ಜೀಪುಗಳೇ. ಮಲೆನಾಡಿನ ಮಳೆಗಾಲದಲ್ಲಿ ವಾಹನ ಸಿಕ್ಕಿಕೊಳ್ಳುವುದಕ್ಕೆ ಎತ್ತರದ ಕೊರತೆಗಿಂತ ಟೈರಿನ ಹಿಡಿತದ ಕೊರತೆಯೇ ಹಲವು ಸಂದರ್ಭಗಳಲ್ಲಿ ಕಾರಣ. ಜಾರುವ ಮಣ್ಣಿನಲ್ಲಿ ಆಳವಾದ ಹಲ್ಲುಗಳುಳ್ಳ ಟೈರು, ತಕ್ಕಷ್ಟು ತಗ್ಗಿಸಿದ ಗಾಳಿಯ ಒತ್ತಡ ಮತ್ತು ಡಿಫರೆನ್ಷಿಯಲ್ ಲಾಕ್‌ಗಳು ಲಿಫ್ಟ್‌ಗಿಂತ ಹೆಚ್ಚು ಉಪಕಾರಿ. ಪಕ್ಕಕ್ಕೆ ವಾಲಿದ ಬೆಟ್ಟದ ದಾರಿಯಲ್ಲಂತೂ ತಗ್ಗಿನ ಗುರುತ್ವ ಕೇಂದ್ರವೇ ರಕ್ಷಣೆ.

ಇವನ್ನೂ ನೋಡಿ

• ಗ್ರೌಂಡ್ ಕ್ಲಿಯರೆನ್ಸ್
• ಗುರುತ್ವ ಕೇಂದ್ರ
• ಡಿಫರೆನ್ಷಿಯಲ್
• ಮೋಟಾರು ವಾಹನ ಕಾಯಿದೆ, 1988